ನಾನು ರಿಜೆಕ್ಟ್ ಮಾಡಿದ ಏಳು ಟ್ರೈಪಾಡುಗಳು

ಹೊಸೂರಿನ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ನಾನು ಮಾಡಿದ್ದು ಒಂದೇ ಕೆಲಸ: ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದು. ಇನ್‌ಸ್ಪೆಕ್ಷನ್ ಸೆಕ್ಷನ್ ಎಂದು ಅದಕ್ಕೆ ಗೌರವದ ಹೆಸರು. ಹೊರಗಿನಿಂದ ಬಂದ ಮಾಲನ್ನು ಮೇಜಿನ ಮೇಲಿಟ್ಟು ಅಳೆಯುವುದು, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸುವುದು. "ನನ್ನ ನೋಡಕ್ ಬಂದಾಗ್ಲೂ ಹಿಂಗೇ ನೋಡುದ್ರು, ಯಾವ್ ಚೀಟಿ ಅಂಟಿಸ್ತಾರೋ ಅಂತ ನಮ್ಮಪ್ಪ ಹೆದ್ರಿಬುಟ್ಟಿದ್ದ" ಎಂದು ನನ್ನ ಹೆಂಡತಿ ಮನೆಗೆ ಬಂದ ನೆಂಟರಿಗೆಲ್ಲ ಹೇಳುತ್ತಾಳೆ. ನೆಂಟರು ನಗುತ್ತಾರೆ. ನಾನು ಅವರ ಕೈಯಲ್ಲಿರುವ ಲೋಟದ ಅಂಚು ಸೊಟ್ಟಗಿದೆಯೇ ಎಂದು ನೋಡುತ್ತಿರುತ್ತೇನೆ.

ಆ ಕೆಲಸಕ್ಕೆ ಕಣ್ಣು ಬೇಕು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಬೇಕಾಗಿರುವುದು ಕೈ. ಮೈಕ್ರೋಮೀಟರನ್ನು ತಿರುಗಿಸುವಾಗ ಬೆರಳು ಒಂದಿಷ್ಟೇ ಹೆಚ್ಚು ಒತ್ತಿದರೂ ಅಳತೆ ಸುಳ್ಳಾಗುತ್ತದೆ. ನನ್ನ ಕೈ ಸುಳ್ಳು ಹೇಳುವುದಿಲ್ಲ ಎಂದು ಇಡೀ ಶೆಡ್ಡಿಗೆ ಗೊತ್ತಿತ್ತು. ಬೇರೆ ಸೆಕ್ಷನ್ನಿನವರು ಹೊಸದಾಗಿ ಸೇರಿದವರನ್ನು ಕರೆತಂದು, "ನೋಡು, ಆವಯ್ಯನ್ ಕೈ ನೋಡು" ಎಂದು ತೋರಿಸುತ್ತಿದ್ದರು. ನನಗೆ ಸ್ವಲ್ಪ ಜಂಬವಿತ್ತು. ಸ್ವಲ್ಪವೇನು, ಧಾರಾಳವಾಗಿಯೇ ಇತ್ತು.

ನಾನು ರಿಟೈರಾದ ಮರುವರ್ಷ ಆ ಬಲಗೈ ನಡುಗಲು ಶುರುವಾಯಿತು. ತೊಡೆಯ ಮೇಲೆ ಸುಮ್ಮನೆ ಇಟ್ಟುಕೊಂಡರೆ ಏನೂ ಇಲ್ಲ, ಸಾಧುಪ್ರಾಣಿ. ಏನನ್ನಾದರೂ ಹಿಡಿದು ಎತ್ತಿದೆನೋ, ತಾನೂ ಇದ್ದೇನೆ ಎಂದು ಕುಣಿಯಲು ತೊಡಗುತ್ತಿತ್ತು. ಬೀಗದ ಕೈ ಬೀಗದ ಬಾಯಿಯನ್ನು ಹುಡುಕಿಕೊಂಡು ಸುತ್ತಮುತ್ತ ತಡಕಾಡುತ್ತಿತ್ತು. ಮನೆಯಲ್ಲಿ ಪೆನ್ಷನ್ ಕಾಗದದ ಕೆಲಸವಿದೆ ಎಂದು ಹೇಳಿ, ಹೊಸೂರಿನ ಒಬ್ಬ ಪರಿಚಯದವರೂ ಕಾಣಬಾರದೆಂದು ಕೃಷ್ಣಗಿರಿಯ ಡಾಕ್ಟರರ ಬಳಿಗೆ ಹೋಗಿಬಂದೆ. ಹೆದರುವ ಕಾಯಿಲೆಯಲ್ಲ, ವಯಸ್ಸಾದಂತೆ ಕೆಲವರಿಗೆ ಬರುತ್ತದೆ, ಯಾರಾದರೂ ನೋಡುತ್ತಿದ್ದಾರೆ ಅನ್ನಿಸಿದರೆ ಹೆಚ್ಚಾಗುತ್ತದೆ, ಮನೆಯಲ್ಲಿ ಹೇಳಿಬಿಡಿ, ಹೇಳಿದರೇ ಅರ್ಧ ಕಡಿಮೆಯಾಗುತ್ತದೆ ಎಂದರು ಅವರು. ನಾನು ತಲೆಯಾಡಿಸಿ ಬಂದೆ. ಹೇಳಲಿಲ್ಲ. ಯಾಕೆ ಎಂದರೆ ನಾಚಿಕೆ, ಅಷ್ಟೇ. ಕಾಲು ನೋವು, ಸಕ್ಕರೆ ಕಾಯಿಲೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಕೈಯ ವಿಷಯ ಬೇರೆ.

ಅದೇ ಕಾಲಕ್ಕೆ ಸರಿಯಾಗಿ ನನ್ನ ಹೆಂಡತಿಗೆ ಕಾಫಿಯಲ್ಲಿ ಜಿಪುಣತನ ಬಂತು. ಬೆಳಗಿನ ಲೋಟವನ್ನು ಅರ್ಧ ಮಾತ್ರ ತುಂಬಿಸಿ ಕೊಡತೊಡಗಿದಳು. ಕುಡಿದು ಇಟ್ಟರೆ ಇನ್ನರ್ಧ ತಂದು ಹಾಕುತ್ತಾಳೆ. ಕೇಳಿದರೆ, "ಒಂದೇ ಸಲ ಸುರುದ್ರೆ ಆರೋಗ್ತದೆ" ಎನ್ನುತ್ತಾಳೆ. ರೇಷನ್ ಅಂಗಡಿಯವರೂ ಒಂದೇ ಸಲಕ್ಕೆ ಕೊಡುತ್ತಾರಲ್ಲ, ನಿನ್ನದೇನು ಎರಡು ಕಂತು ಎಂದು ನಾನು ಎರಡು ವರ್ಷ ಅವಳನ್ನು ಚುಡಾಯಿಸಿದ್ದೇನೆ.

ನನ್ನ ಹೆಂಡತಿ ಹೊಸೂರಿನ ಆಚೆಯ ತಳಿ ಎಂಬ ಊರಿನಿಂದ ಇನ್ನೂ ಒಳಗೆ ಹೋಗಬೇಕಾದ ಒಂದು ಹಳ್ಳಿಯವಳು. ಅವಳ ತವರಿನಲ್ಲಿ ರಾಗಿ, ಕೋಸು, ಗುಲಾಬಿ. ಗುಲಾಬಿಗೆ ಕಸಿ ಕಟ್ಟುವುದನ್ನು ಅವಳು ಹತ್ತು ವರ್ಷದವಳಿದ್ದಾಗಲೇ ಕಲಿತಳಂತೆ. ಕಾಡುಗುಲಾಬಿಯ ಕಾಂಡದ ಸಿಪ್ಪೆಯನ್ನು ಚಾಕುವಿನಿಂದ ಸೀಳಿ, ಒಳ್ಳೆಯ ಗಿಡದಿಂದ ಎತ್ತಿದ ಒಂದು ಕಣ್ಣನ್ನು, ಎಂದರೆ ಮೊಳೆಯಲು ಕಾದಿರುವ ಅಕ್ಕಿಕಾಳಿನಷ್ಟು ಮೊಗ್ಗನ್ನು, ಆ ಸೀಳಿನೊಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ ಕಟ್ಟುತ್ತಾಳೆ. ಮತ್ತಿಗಿರಿಯ ನಮ್ಮ ಮನೆಯ ತಾರಸಿಯ ಮೇಲೆ ಕುಂಡಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟುಕೊಂಡು, ಸ್ಟೂಲಿನ ಮೇಲೆ ಕೂತು ಈಗಲೂ ಅದನ್ನೇ ಮಾಡುತ್ತಾಳೆ. ಅವಳು ಕೂರಿಸಿದ ಕಣ್ಣು ಸತ್ತದ್ದನ್ನು ನಾನು ನೋಡಿಲ್ಲ. ಇನ್‌ಸ್ಪೆಕ್ಷನ್ ಮಾಡಿಯೇ ಹೇಳುತ್ತಿದ್ದೇನೆ.

ಬೀದಿಯ ಹೆಂಗಸರು ಬಂದು ಬಂದು ಕೇಳಿ, ಕೊನೆಗೆ ವಿಡಿಯೋ ಮಾಡಿ ಹಾಕಿ ಎಂದರು. ಫೋನಿನಲ್ಲಿ ಇರುವ ಕಸಿ ವಿಡಿಯೋಗಳನ್ನೆಲ್ಲ ನನ್ನ ಹೆಂಡತಿ ಒಂದು ಮಧ್ಯಾಹ್ನ ನೋಡಿದಳು. "ಅವ್ರು ಚಾಕು ಹಿಡ್ದಿರೋದ್ ನೋಡುದ್ರೆ ನಂಗೆ ಮೈ ಉರೀತದೆ. ಈರೇಕಾಯಿ ಹೆರೆಯೋ ಹಂಗೆ ಹೆರೀತಾರೆ" ಎಂದಳು. ಹಾಗಾದರೆ ನೀನೇ ತೋರಿಸು ಎಂದೆ, ತಮಾಷೆಗೆ. "ತೋರುಸ್ತೀನಿ. ನೀವು ತೆಗೀಬೇಕು" ಎಂದಳು ಅವಳು, ತಮಾಷೆಯಿಲ್ಲದೆ.

ಆಗ ಹೇಳಬೇಕಾಗಿತ್ತು. ಬದಲಿಗೆ ನಾನು, "ತೆಗೆಯೋದೇ ಆದರೆ ಒಳ್ಳೆ ಕ್ಯಾಮೆರಾ ಬೇಕು, ಒಳ್ಳೆ ಸ್ಟ್ಯಾಂಡು ಬೇಕು, ಅವಸರ ಮಾಡಬಾರದು" ಎಂದೆ. ಬೇರೆಯವರಿಗೆ ಇದು ವಿವೇಕದ ಮಾತಿನಂತೆ ಕೇಳಿಸಿತು. ನಿಜವಾಗಿ ನಾನು ಹುಡುಕಲು ಹೊರಟದ್ದು ನನ್ನ ಕೈಯ ಗುಟ್ಟನ್ನು ಕಾಪಾಡುವ ಒಂದು ಯಂತ್ರವನ್ನು.

ಕೊಳ್ಳುವ ಕೆಲಸಕ್ಕೆ ಜೊತೆಯಾದವನು ನನ್ನ ಹಳೆಯ ಗೆಳೆಯ. ಅದೇ ಕಾರ್ಖಾನೆಯಲ್ಲಿ ಅವನು ಪರ್ಚೇಸ್ ಸೆಕ್ಷನ್ನಿನಲ್ಲಿದ್ದ. ಅವನು ಮಾಲು ಕೊಳ್ಳುತ್ತಿದ್ದ, ನಾನು ರಿಜೆಕ್ಟ್ ಮಾಡುತ್ತಿದ್ದೆ. ಮೂವತ್ತು ವರ್ಷ ಜಗಳವಾಡಿದ ಮೇಲೆ ಇಬ್ಬರಿಗೂ ಬೇರೆ ಗೆಳೆಯರೇ ಉಳಿದಿರಲಿಲ್ಲ. ಈಗ ಉದ್ದನಪಲ್ಲಿಯಲ್ಲಿ ಟೊಮೇಟೊ ಬೆಳೆಯುತ್ತಾನೆ. ಮನೆಯಲ್ಲಿ ತೆಲುಗು, ನನ್ನ ಹತ್ತಿರ ಕನ್ನಡ, ಅಂಗಡಿಯಲ್ಲಿ ತಮಿಳು, ಸಿಟ್ಟು ಬಂದರೆ ಮೂರನ್ನೂ ಕಲಸಿ ಬೈಯುತ್ತಾನೆ. ನನ್ನ ಹೆಂಡತಿಯನ್ನು ಅವನು ಅಕ್ಕ ಎನ್ನುತ್ತಾನೆ, ಅವಳು ಅವನನ್ನು ಅಣ್ಣ ಎನ್ನುತ್ತಾಳೆ. ಇಬ್ಬರಲ್ಲಿ ಯಾರು ದೊಡ್ಡವರು ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ವಿಷಯ ಕೇಳಿದ ಕೂಡಲೇ ಅವನು ತಾನೇ ಪ್ರೊಡ್ಯೂಸರ್ ಎಂದು ಘೋಷಿಸಿಕೊಂಡ. "ಅಕ್ಕನ್ ಕೈಯಿ, ನಿನ್ ಕೈಯಿ. ಎರಡೂ ಕಲ್ಲಿನ್ ಹಂಗೆ ನಿಂತಿರ್ತವೆ ಕಣ್ಲಾ. ಇನ್ನೇನ್ ಬೇಕು? ನಾಳೇನೇ ಆರ್ಡರ್ ಹಾಕ್ಬುಡಾಣ" ಎಂದ. ನನ್ನ ಕೈ ಆಗ ಟವೆಲಿನ ಕೆಳಗಿತ್ತು.

ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕ್ಯಾಮೆರಾ ಅಂಗಡಿ. ಅದರ ಯಜಮಾನರು ತಮಿಳಿನವರು, ಬಹಳ ತಾಳ್ಮೆಯ ಮನುಷ್ಯ. ತಾಳ್ಮೆಗೂ ಒಂದು ಮಿತಿಯಿದೆ ಎಂಬುದು ಅವರಿಗೆ ನಾವು ಹೋಗುವವರೆಗೆ ಗೊತ್ತಿರಲಿಲ್ಲ.

ಗೆಳೆಯನ ಮೊದಲ ವಾದ, ಫೋನ್ ಸಾಕು ಎಂಬುದು. ಈಗಿನ ಫೋನಿನಲ್ಲೇ ಎಷ್ಟೋ ಜನ ಸಿನಿಮಾ ತೆಗೆಯುತ್ತಾರೆ ಎಂದ. ಅಂಗಡಿಯವರೂ ಹೌದೆಂದರು. ನಾನು ಫೋನಿನ ಸೆನ್ಸರ್ ಸಣ್ಣದು, ಹತ್ತಿರದ ಚಿತ್ರದಲ್ಲಿ ಸಿಪ್ಪೆಯ ಬಣ್ಣ ಸರಿಯಾಗಿ ಬರುವುದಿಲ್ಲ ಎಂದೆಲ್ಲ ಹೇಳಿದೆ. ಓದಿಕೊಂಡು ಹೋಗಿದ್ದೆ. ಹೇಳದೆ ಬಿಟ್ಟದ್ದು ಒಂದೇ: ವಸ್ತು ಹಗುರವಾದಷ್ಟೂ ನನ್ನ ಕೈಯ ಕುಣಿತ ಹೆಚ್ಚು. ಮನೆಯಲ್ಲಿ ಫೋನಿನಿಂದ ತೆಗೆದು ನೋಡಿದ್ದೆ. ತಾರಸಿಯ ಗುಲಾಬಿಗಳೆಲ್ಲ ಜಾತ್ರೆಯ ಗಿರಗಿಟ್ಲೆಗಳಾಗಿದ್ದವು.

ಆಮೇಲೆ ಹೆಗಲ ಮೇಲೆ ಇಟ್ಟುಕೊಳ್ಳುವ ಹಳೆಯ ಮದುವೆ ಕ್ಯಾಮೆರಾ ನೋಡಿದೆವು. ಅದು ನನಗೆ ಬಹಳ ಹಿಡಿಸಿತು, ಭಾರವೆಲ್ಲ ಭುಜಕ್ಕೆ ಬೀಳುತ್ತದೆ, ಕೈಗೆ ಕೆಲಸವೇ ಇಲ್ಲ. "ಇದ್ನ ಹೊತ್ಕೊಂಡ್ ತಾರಸಿ ಹತ್ತುದ್ರೆ, ಅಕ್ಕ ಕಸಿ ಬುಟ್ಟು ಆರತಿ ತಟ್ಟೆ ತತ್ತಾಳೆ" ಎಂದ ಗೆಳೆಯ. ಅದಕ್ಕೆ ಕೆಂಪು ಚೀಟಿ.

ಗಿಂಬಲ್ ಎಂಬುದನ್ನು ಅಂಗಡಿಯವರು ತೋರಿಸಿದ ದಿನ ನನಗೆ ನಿಜಕ್ಕೂ ಎದೆ ಬಡಿದುಕೊಂಡಿತು. ಅದೊಂದು ಹಿಡಿ, ಅದರ ಮೇಲೆ ಮೋಟಾರುಗಳು, ಮೋಟಾರುಗಳ ಮೇಲೆ ಕ್ಯಾಮೆರಾ. ಕೈ ಎಡಕ್ಕೆ ಅಲುಗಿದರೆ ಮೋಟಾರು ಕ್ಯಾಮೆರಾವನ್ನು ಬಲಕ್ಕೆ ತಿರುಗಿಸಿ ಸರಿಮಾಡುತ್ತದೆ. ಕೈಯಲ್ಲಿ ಹಿಡಿದು ಪರದೆಯಲ್ಲಿ ನೋಡಿದೆ. ಎದುರು ರಸ್ತೆಯ ಬಾಳೆಹಣ್ಣಿನ ಗಾಡಿ ಒಂದಿಷ್ಟೂ ಅಲುಗದೆ ನಿಂತಿತ್ತು. ಎರಡು ವರ್ಷದ ಮೇಲೆ ನನ್ನ ಕೈ ಹಿಡಿದ ಒಂದು ವಸ್ತು ಹಾಗೆ ನಿಂತದ್ದು ಅದೇ ಮೊದಲು. ಕಣ್ಣು ಒದ್ದೆಯಾಯಿತು. ಅಂಗಡಿಯ ಧೂಳು ಎಂದು ಒರೆಸಿಕೊಂಡೆ. ಆದರೆ ಐದು ನಿಮಿಷ ಹಿಡಿದಿರುವಷ್ಟರಲ್ಲಿ ಅದರ ಭಾರಕ್ಕೆ ತೋಳು ಸೋತು, ನಡುಕ ಭುಜದವರೆಗೆ ಏರಿತು. ಮೋಟಾರುಗಳು ಗುಂಯ್ ಎನ್ನತೊಡಗಿದವು.

"ನಿಂಗ್ಯಾಕ್ಲಾ ಇದು?" ಎಂದ ಗೆಳೆಯ. "ಓಡೋಗೋರ್ನ ಹಿಂದೆ ಓಡ್ಕೊಂಡ್ ತೆಗ್ಯಕ್ ಇರೋದು ಇದು. ಅಕ್ಕ ಸ್ಟೂಲ್ ಮ್ಯಾಲೆ ಕೂತಿರ್ತಾಳೆ. ಚಾಕು ಹಿಡ್ಕೊಂಡು ನಿನ್ನೇನಾದ್ರೂ ಅಟ್ಟಿಸ್ಕೊಂಡ್ ಬತ್ತಾಳಾ?"

ಗಿಂಬಲ್ ವಾಪಸ್ ಪೆಟ್ಟಿಗೆಗೆ ಹೋಯಿತು.

ಕೊನೆಗೆ ಒಂದು ಕ್ಯಾಮೆರಾವನ್ನು ಒಪ್ಪಿದೆ. ಮಧ್ಯಮ ಗಾತ್ರದ್ದು, ಒಳಗೇ ಅಲುಗಾಟ ತಡೆಯುವ ವ್ಯವಸ್ಥೆ ಇದ್ದದ್ದು, ಹತ್ತಿರದ ಚಿತ್ರ ಚೆನ್ನಾಗಿ ತೆಗೆಯುವ ಲೆನ್ಸಿನದು. ಆದರೆ ಟ್ರೈಪಾಡು ಒಳ್ಳೆಯದು ಸಿಗುವವರೆಗೆ ಕ್ಯಾಮೆರಾವನ್ನೂ ಒಯ್ಯುವುದಿಲ್ಲ ಎಂದು ಪಟ್ಟು ಹಿಡಿದೆ. ನನ್ನ ಇಡೀ ಮರ್ಯಾದೆ ಈಗ ಆ ಮೂರು ಕಾಲಿನ ಮೇಲೆ ನಿಂತಿತ್ತು.

ಆವತ್ತಿನಿಂದ ಶುರುವಾಯಿತು ನಮ್ಮ ಅಳೆದು ಸುರಿಯುವ ಕೆಲಸ. ಕಾರ್ಖಾನೆ ಬಿಡುವಾಗ ನೆನಪಿಗೆಂದು ಕೊಟ್ಟಿದ್ದ ಡಯಲ್ ಗೇಜನ್ನು ಊಟದ ಚೀಲದಲ್ಲಿ ಹಾಕಿಕೊಂಡು ಹೋದೆ. ಗಡಿಯಾರದಂತೆ ಮುಳ್ಳಿರುವ ಆ ಅಳತೆಗಾರ ಕೂದಲಿಗಿಂತ ಸಣ್ಣ ಅಲುಗಾಟವನ್ನೂ ತೋರಿಸುತ್ತಾನೆ. ಅಂಗಡಿಯ ಸ್ಟೀಲ್ ಬೀರುವಿಗೆ ಅದರ ಅಯಸ್ಕಾಂತದ ಬುಡ ಅಂಟಿಸಿ, ಮುಳ್ಳನ್ನು ಟ್ರೈಪಾಡಿನ ತಲೆಗೆ ತಾಗಿಸಿ, ಬೆರಳಿನಿಂದ ಮೆಲ್ಲಗೆ ತಳ್ಳಿದೆ. ಮುಳ್ಳು ಓಡಿತು. ರಿಜೆಕ್ಟ್.

ಎರಡನೆಯದರ ಕಾಲಿನ ಕ್ಲಿಪ್ಪು ಸಡಿಲ. ಮೂರನೆಯದು ಹಗುರ, ತಾರಸಿಯ ಗಾಳಿಗೆ ಹಾರಿಹೋಗುತ್ತದೆ. ನಾಲ್ಕನೆಯದರ ತಲೆ ತಿರುಗಿಸಿ ನಿಲ್ಲಿಸಿದರೆ ಒಂದು ಎಳೆ ಹಿಂದಕ್ಕೆ ಬರುತ್ತದೆ. ಐದನೆಯದನ್ನು ಮನೆಗೆ ತಂದು, ಎರಡು ದಿನ ಇಟ್ಟುಕೊಂಡು, ವಾಪಸ್ ಕೊಟ್ಟುಬಂದೆ. ಅದರಲ್ಲಿ ಏನು ದೋಷ ಕಂಡೆನೆಂದು ಈಗ ನನಗೇ ನೆನಪಿಲ್ಲ. ಆ ದಿನ ಮನೆಗೆ ಬಂದು ಟ್ರೈಪಾಡು ಮಾಡುವವರ ವಂಶವನ್ನೇ ಬೈದದ್ದು ನೆನಪಿದೆ. ನನ್ನ ಹೆಂಡತಿ ಅವರೆಕಾಯಿ ಬಿಡಿಸುತ್ತ, ನನ್ನನ್ನೇ ನೋಡುತ್ತಿದ್ದಳು.

ಏಳನೆಯದಕ್ಕೆ ನಾನು ಗೇಜು ಹಚ್ಚುವಾಗ ಅಂಗಡಿಯವರು ಕೈಮುಗಿದರು. "ಸಾರ್, ಕ್ಯಾಮೆರಾ ವಾಂಗ ವಂದೀಂಗಳಾ, ಆಡಿಟ್ ಪಣ್ಣ ವಂದೀಂಗಳಾ?" ಎಂದರು. ಕೊಳ್ಳಲು ಬಂದಿರೋ, ತಪಾಸಣೆಗೆ ಬಂದಿರೋ ಎಂಬ ಪ್ರಶ್ನೆ ನ್ಯಾಯವಾದದ್ದೇ. ಗೆಳೆಯ ನನ್ನ ಕಡೆಯಿಂದ ಅವರ ಕಡೆಗೆ ಸರಿದು ನಿಂತು, "ಮೂವತ್ ವರ್ಷ ಇದೇ ಅನುಭವಿಸಿದೀನಿ ಸಾರ್" ಎಂದು ತಮಿಳಿನಲ್ಲಿ ತನ್ನ ಕಥೆ ಹೇಳತೊಡಗಿದ. ಇಬ್ಬರೂ ಚಹಾ ತರಿಸಿಕೊಂಡು ಕುಡಿದರು. ನನಗೆ ಕೊಡಲಿಲ್ಲ.

ಎಂಟನೆಯದು ಪಾಸಾಯಿತು. ಸಿನಿಮಾದವರು ಬಳಸುವಂಥದ್ದು. ತಲೆಯೊಳಗೆ ಎಣ್ಣೆ ತುಂಬಿರುವುದರಿಂದ ತಿರುಗಿಸಿದರೆ ಬೆಣ್ಣೆಯಂತೆ ತಿರುಗುತ್ತದೆ. ಗೇಜಿನ ಮುಳ್ಳು ಮಿಸುಕಲಿಲ್ಲ. ಕ್ಯಾಮೆರಾಕ್ಕಿಂತ ಅದೇ ನಾಲ್ಕು ಪಟ್ಟು ಭಾರ, ಮೂಗಿಗಿಂತ ಮೂಗುತಿ ಭಾರ ಎಂದು ಗೆಳೆಯ ಗೊಣಗಿದ. ಇರಲಿ, ಅವನ ಆಯುಷ್ಯದಲ್ಲಿ ಅವನು ತೋರಿಸಿದ ಮಾಲಿಗೆ ನಾನು ನಗುನಗುತ್ತ ಹಸಿರು ಚೀಟಿ ಕೊಟ್ಟದ್ದು ಅದೊಂದಕ್ಕೇ. ಮನೆಗೆ ಬಂದು ತಾರಸಿಯ ಮೇಲೆ ನಿಲ್ಲಿಸಿ, ಹೆಂಡತಿಯ ಸ್ಟೂಲಿನ ಎತ್ತರಕ್ಕೆ ಸರಿಮಾಡಿ, ಒಂದು ಗುಂಡಿ ಒತ್ತಿ ಕೈ ಹಿಂದಕ್ಕೆ ತೆಗೆದೆ. ಚಿತ್ರ ಬಂಡೆಯಂತೆ ನಿಂತಿತ್ತು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಮರುದಿನ ಹೆಂಡತಿ, "ಇಲ್ಲಲ್ಲ ತೆಗ್ಯೋದು. ಕುಂಡದಲ್ಲಿ ಏನೈತೆ ತೋರ್ಸೋದು? ನಮ್ಮೂರಲ್ಲಿ ತಮ್ಮನ್ ತೋಟದಲ್ಲಿ ತೆಗೀರಿ. ಮಳೆ ಬಿದ್ದೈತೆ, ಈ ವಾರ ಸಿಪ್ಪೆ ಬಿಡ್ತದೆ" ಎಂದಳು. ಮಳೆ ಬಿದ್ದು ಕಾಂಡದಲ್ಲಿ ನೀರು ಓಡುವಾಗ ಮಾತ್ರ ಸಿಪ್ಪೆ ಸಲೀಸಾಗಿ ಎದ್ದು ಬರುತ್ತದೆ. ಆ ವಾರ ತಪ್ಪಿದರೆ ಇನ್ನೊಂದು ಮಳೆಗೆ ಕಾಯಬೇಕು.

ಮೂವರೂ ತಳಿಯ ಬಸ್ಸು ಹತ್ತಿದೆವು. ಟ್ರೈಪಾಡಿಗೆ ಒಂದು ಸೀಟು ಕೊಡಿಸಿದೆ. ತಳಿಯಿಂದ ಮುಂದೆ ಜೀಪಿನಲ್ಲಿ ಅದು ಕೋಸಿನ ಮೂಟೆಗಳ ನಡುವೆ, ನನ್ನ ತೊಡೆಯ ಮೇಲೆ, ತಲೆ ಹೊರಗೆ ಹಾಕಿಕೊಂಡು ಕೂತಿತ್ತು. ಜೀಪಿನಲ್ಲಿದ್ದ ಒಬ್ಬ ಮುದುಕಿ, "ಸರ್ವೆ ಮಾಡೋರಾ? ನಮ್ ಬದೂನೂ ಒಸಿ ನೋಡಪ್ಪಾ" ಎಂದಳು. ಗೆಳೆಯ ನೋಡುತ್ತೇವೆ ಎಂದು ಮಾತು ಕೊಟ್ಟ.

ತೋಟದಲ್ಲಿ ಭಾವಮೈದ ಕಾಡುಗುಲಾಬಿಯ ಗಿಡಗಳನ್ನು ಸಾಲು ಸಾಲಾಗಿ ಬೆಳೆಸಿದ್ದ. ನಮಗೆ ಜಾಗ ತೋರಿಸಿ, "ಬತ್ತೀನಿ ಭಾವ, ನೀರ್ ಬುಟ್ಟಿದೀನಿ" ಎಂದು ಅವನು ಕೋಸಿನ ಕಡೆ ಹೋದ. ನನ್ನ ಹೆಂಡತಿ ಸೆರಗು ಸಿಕ್ಕಿಸಿಕೊಂಡು, ಸಾಲಿನ ನಡುವೆ ಕುಕ್ಕರಗಾಲಲ್ಲಿ ಕೂತು, ಬಾಗಿ, ಒಂದು ಗಿಡದ ಬುಡವನ್ನು ಬೆರಳಿನಿಂದ ಒರೆಸಿದಳು. ಬುಡ ಎಂದರೆ ನೆಲದಿಂದ ನಾಲ್ಕು ಬೆರಳು ಮೇಲೆ.

ನಾನು ಟ್ರೈಪಾಡನ್ನು ಬಿಚ್ಚಿದೆ. ಅದರ ಕಾಲುಗಳನ್ನು ಎಷ್ಟು ಕುಗ್ಗಿಸಿದರೂ ಅದು ನನ್ನ ಮೊಣಕಾಲಿಗಿಂತ ಕೆಳಗೆ ಇಳಿಯಲಿಲ್ಲ. ಅಗಲಿಸೋಣವೆಂದರೆ ಎರಡು ಸಾಲಿನ ನಡುವೆ ಮೂರು ಕಾಲಿಗೆ ಜಾಗವಿಲ್ಲ. ದಾರಿಯಲ್ಲಿ ನಿಲ್ಲಿಸಿ ದೂರದಿಂದ ತೆಗೆದರೆ ಎಲೆ, ಮುಳ್ಳು, ಹೆಂಡತಿಯ ಬೆನ್ನು ಇಷ್ಟೇ ಕಾಣುತ್ತದೆ. ಏಳು ಟ್ರೈಪಾಡುಗಳ ತಲೆ, ಕಾಲು, ಕ್ಲಿಪ್ಪು ಎಲ್ಲ ಅಳೆದ ನಾನು ಕೆಲಸ ನಡೆಯುವುದು ಎಷ್ಟು ಎತ್ತರದಲ್ಲಿ ಎಂಬುದನ್ನು ಅಳೆದೇ ಇರಲಿಲ್ಲ. ತಾರಸಿಯ ಸ್ಟೂಲು ಬಿಟ್ಟು ಬೇರೆ ಕಡೆ ಅವಳು ಕಸಿ ಕಟ್ಟಿದ್ದನ್ನು ಮದುವೆಯಾಗಿ ಇಷ್ಟು ವರ್ಷಕ್ಕೆ ಒಮ್ಮೆಯೂ ನಿಂತು ನೋಡಿರಲಿಲ್ಲ.

"ಡ್ರಾಯಿಂಗ್ ನೋಡ್ದೆ ಗೇಜ್ ಮಾಡ್ಸಿದ್ಯಲ್ಲೋ!" ಎಂದ ಗೆಳೆಯ. ಮಾಲಿನ ನಕ್ಷೆ ನೋಡದೆ ಅಳತೆಗೆ ಹೊರಟೆ ಎಂಬ ಮಾತನ್ನು ಪರ್ಚೇಸಿನವನ ಬಾಯಲ್ಲಿ ಕೇಳಬೇಕಾಗಿ ಬಂತು. "ಹೋಗ್ಲಿ ಬುಡು. ಕೈಯಾಗೇ ಹಿಡ್ಕೊಂಡ್ ತೆಗಿ. ನಿನ್ ಕೈಗ್ಯಾವ್ ಟ್ರೈಪಾಡ್ ಲಾ?"

ಗಾಳಿ ಇದೆ ಎಂದೆ. ಬಿಸಿಲು ಸರಿಯಿಲ್ಲ ಎಂದೆ. ಇನ್ನೊಂದು ದಿನ ಬರೋಣ ಎಂದೆ. ಹೆಂಡತಿ ತಲೆಯೆತ್ತದೆ, "ಸಿಪ್ಪೆ ಕಾಯಲ್ಲ" ಎಂದಳು. ಬೇರೆ ದಾರಿಯಿಲ್ಲದೆ ಗೋಣಿಚೀಲ ಹಾಸಿ, ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿ, ಕ್ಯಾಮೆರಾ ಹಿಡಿದೆ. ಮೊಣಕೈ ಹಸಿಮಣ್ಣಿನಲ್ಲಿ ಜಾರುತ್ತಿತ್ತು. ಇಬ್ಬರೂ ನೋಡುತ್ತಿದ್ದರು. ಯಾರಾದರೂ ನೋಡಿದರೆ ಹೆಚ್ಚಾಗುತ್ತದೆ ಎಂದ ಡಾಕ್ಟರರ ಮಾತು ನೂರಕ್ಕೆ ನೂರು ನಿಜ.

ತೆಗೆದದ್ದನ್ನು ಗೆಳೆಯ ಸಣ್ಣ ಪರದೆಯಲ್ಲಿ ನೋಡಿದ. ಚಾಕು ಕಾಂಡದ ಮೇಲೆ ಇಳಿಯುವುದು, ಸಿಪ್ಪೆ ಬಾಯಿ ತೆರೆಯುವುದು, ಹಸಿರು ಕಣ್ಣು ಒಳಗೆ ಕೂರುವುದು, ಎಲ್ಲವೂ ಇತ್ತು. ಎಲ್ಲವೂ ನಡುಗುತ್ತಿತ್ತು. ನನ್ನ ಹೆಂಡತಿಯ ಕಲ್ಲಿನಂಥ ಕೈ ಅದರಲ್ಲಿ ಚಳಿಜ್ವರ ಬಂದವರ ಕೈಯಂತೆ ಕಾಣುತ್ತಿತ್ತು. ನನ್ನ ತಪ್ಪನ್ನು ಅವಳ ಕೈಗೆ ಅಂಟಿಸಿದ ಹಾಗೆ ಇತ್ತು. ಅದನ್ನು ನೋಡಲಾಗದೆ ಮುಖ ತಿರುಗಿಸಿದೆ.

"ಕ್ಯಾಮೆರಾ ಡಿಫೆಕ್ಟು" ಎಂದ ಗೆಳೆಯ. ನನ್ನ ಕೈಯ ಮೇಲೆ ಅವನಿಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. "ಒಳ್ಗಡೆ ಅಲುಗಾಟ ತಡೀತದೆ ಅಂತ ಹೇಳಿದ್ನಲ್ಲ, ಅದು ಕೆಲ್ಸಾನೇ ಮಾಡ್ತಿಲ್ಲ. ಮಾಡ್ತೀನಿರು ಅವನ್ಗೆ." ಆಗಲೇ ಫೋನ್ ತೆಗೆದು ಅಂಗಡಿಯವರಿಗೆ ಹಚ್ಚಿದ್ದ. ತಮಿಳಿನಲ್ಲಿ ಜೋರು ಮಾಡತೊಡಗಿದ. ಸ್ಪೀಕರಿನಲ್ಲಿ ಅಂಗಡಿಯವರ ದನಿ ಕೇಳುತ್ತಿತ್ತು, ನಾನೇ ನೋಡಿ ಕೊಟ್ಟೆನಲ್ಲ ಸಾರ್, ಹಾಗಾಗಲು ಸಾಧ್ಯವಿಲ್ಲ ಸಾರ್ ಎಂದು. ಆ ದನಿಯಲ್ಲಿ ಜಗಳವಿರಲಿಲ್ಲ, ಗಾಬರಿ ಇತ್ತು.

ಅಂಥ ದನಿ ನನಗೆ ಗೊತ್ತು. ಹಿಂದೊಮ್ಮೆ ಒಂದು ಸಣ್ಣ ವರ್ಕ್‌ಶಾಪಿನವರು ತಂದ ಮಾಲಿಗೆ ನಾನು ಕೆಂಪು ಚೀಟಿ ಅಂಟಿಸಿದಾಗ, ಅವರು ಹೀಗೆಯೇ, ಇನ್ನೊಂದು ಸಲ ಅಳೆಯಿರಿ ಸಾರ್ ಎಂದಿದ್ದರು. ಬೈದು ಕಳಿಸಿದೆ. ಅವರು ಹೋದ ಮೇಲೆ ಯಾಕೋ ಸಮಾಧಾನವಾಗದೆ ಮತ್ತೆ ಅಳೆದರೆ, ಮಾಲು ಸರಿಯಿತ್ತು, ನನ್ನ ಗೇಜು ತಪ್ಪಿತ್ತು. ಗೇಟಿನವರೆಗೆ ಓಡಿಹೋಗಿ ಹಸಿರು ಚೀಟಿ ಅವರ ಕೈಯಲ್ಲಿಟ್ಟು ಬಂದೆ. ಕೆಟ್ಟ ಮಾಲನ್ನು ಪಾಸು ಮಾಡುವುದು ತಪ್ಪು, ಒಳ್ಳೆಯ ಮಾಲನ್ನು ರಿಜೆಕ್ಟ್ ಮಾಡುವುದು ಪಾಪ ಎಂದು ಆವತ್ತಿನಿಂದ ನಾನು ಹೊಸಬರಿಗೆಲ್ಲ ಹೇಳುತ್ತಿದ್ದೆ. ಈಗ ಆ ಪಾಪವನ್ನು ನಾನೇ, ಬಾಯಿ ಮುಚ್ಚಿಕೊಂಡು, ಮಣ್ಣಿನಲ್ಲಿ ಮಲಗಿ ಮಾಡುತ್ತಿದ್ದೆ.

ಎದ್ದು ಗೆಳೆಯನ ಕೈಯಿಂದ ಫೋನ್ ಕಿತ್ತುಕೊಂಡೆ. "ಕ್ಯಾಮೆರಾ ಸರಿಯಾ ಇರುಕ್ಕು. ಎನ್ ಕೈ ದಾನ್ ನಡುಂಗುದು" ಎಂದೆ. ಕ್ಯಾಮೆರಾ ಸರಿಯಾಗಿದೆ, ನಡುಗುತ್ತಿರುವುದು ನನ್ನ ಕೈ. ಕನ್ನಡದಲ್ಲಿ ಎರಡು ವರ್ಷ ಬಾಯಿಗೆ ಬಾರದ ಮಾತು ತಮಿಳಿನಲ್ಲಿ ಬಂದುಬಿಟ್ಟಿತು. ಅಂಗಡಿಯವರು ಮೆಲ್ಲಗೆ, "ಪರವಾಯಿಲ್ಲೆ ಸಾರ್" ಎಂದರು.

ಫೋನ್ ಹಿಡಿದ ಕೈ ಎಲ್ಲರ ಕಣ್ಣೆದುರು ನಡುಗುತ್ತಿತ್ತು. ಮುಚ್ಚಲು ಟವೆಲು ಇರಲಿಲ್ಲ. ಗೆಳೆಯ ಕೈಯನ್ನು ನೋಡಿದ, ನನ್ನ ಮುಖ ನೋಡಿದ, ಮತ್ತೆ ಕೈಯನ್ನು ನೋಡಿದ.

"ಹಂಗಾದ್ರೆ ಆ ಏಳು ಟ್ರೈಪಾಡು?"

"ಏಳೂ ಓಕೆ ಕಣ್ಲಾ."

"ಮೂವತ್ ವರ್ಷ ರಿಜೆಕ್ಟ್ ಮಾಡಿದ್ಯಲ್ಲಾ, ಅದೂ ಹಿಂಗೇನಾ?"

"ಇಲ್ಲ, ಅದು ನಿಜವಾಗ್ಲೂ ರಿಜೆಕ್ಟೇ."

ಅವನಿಗೆ ಬಂದ ಸಿಟ್ಟಿಗೆ ಮೂರು ಭಾಷೆಯೂ ಸಾಲಲಿಲ್ಲ. ಬದುವಿನ ಮೇಲೆ ಹೋಗಿ ಕೂತ. ಸ್ವಲ್ಪ ಹೊತ್ತಿಗೆ ಎದ್ದುಬಂದು, ನನ್ನ ಅಂಗಿಗೆ ಮೆತ್ತಿದ್ದ ಮಣ್ಣು ಕೊಡವಿದ. ಕೊಡವಿದ್ದು ಸ್ವಲ್ಪ ಜೋರಾಗಿಯೇ ಇತ್ತು.

ನನ್ನ ಹೆಂಡತಿ ಇಷ್ಟು ಹೊತ್ತೂ ಕಟ್ಟುತ್ತಿದ್ದ ಪಟ್ಟಿಯನ್ನು ಬಿಡಲಿಲ್ಲ. ಕೊನೆಯ ಸುತ್ತು ಸುತ್ತಿ, ಗಂಟು ಬಿಗಿದು, ಆಮೇಲೆ ಹೇಳಿದಳು. "ಊಟದ್ ಬುಟ್ಟೀಲಿ, ಡಬ್ಬಿ ಕೆಳ್ಗೆ ಒಂದು ಚೀಲ ಐತೆ. ತಗೊಂಡ್ಬನ್ನಿ."

ತಂದೆ. ನನ್ನ ಹಳೆಯ ಯೂನಿಫಾರಂ ಪ್ಯಾಂಟಿನ ನೀಲಿ ಕಾಲನ್ನು ಕತ್ತರಿಸಿ, ಎರಡೂ ತುದಿ ಹೊಲಿದು, ಒಳಗೆ ರಾಗಿ ತುಂಬಿದ್ದಳು. ಮೂರು ಸೇರು ಇದ್ದೀತು. ನೆಲದ ಮೇಲಿಟ್ಟು ನಡುವೆ ಒತ್ತಿದರೆ ರಾಗಿ ಅತ್ತಿತ್ತ ಸರಿದು ಗೂಡಾಯಿತು. ಕ್ಯಾಮೆರಾ ಇಟ್ಟೆ, ಕೂತುಕೊಂಡಿತು. ಎತ್ತರ ನಾಲ್ಕು ಬೆರಳು. ಕೈಯನ್ನು ಅದರ ಮೇಲೆಯೇ ಊರಿದೆ. ಪರದೆಯಲ್ಲಿ ಗುಲಾಬಿಯ ಬುಡ, ಅದರ ಮೇಲೆ ಹತ್ತುತ್ತಿದ್ದ ಒಂದು ಇರುವೆ, ಎಲ್ಲವೂ ಸ್ಥಿರವಾಗಿ ಕಂಡವು.

"ಯಾವಾಗ ಹೊಲಿದೆ?" ಎಂದೆ.

"ಐದ್ನೇ ಟ್ರೈಪಾಡ್ ವಾಪಸ್ ಕೊಟ್ಬಂದು ಕೂಗಾಡುದ್ರಲ್ಲಾ, ಅವತ್ತು."

"ನಿನಗೆ ಗೊತ್ತಿತ್ತಾ?"

"ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ. ನೀವು ದಿನಾ ಬಂದು ನೆಲಾನೇ ಬೈತಿದ್ರಿ" ಎಂದಳು. "ನೀವಾಗಿ ಹೇಳ್ಳಿ ಅಂತ ಸುಮ್ನಿದ್ದೆ. ಹೂಂ, ತೆಗೀರೀಗ. ಬಿಸ್ಲು ಏರ್ತದೆ."

ಮಧ್ಯಾಹ್ನದವರೆಗೆ ತೆಗೆದೆವು. ಟ್ರೈಪಾಡಿನ ಮೇಲೆ ಗೆಳೆಯ ತನ್ನ ಅಂಗಿ ಒಣಹಾಕಿದ್ದ. ಊಟದ ಹೊತ್ತಿಗೆ ಭಾವಮೈದ ಬಂದು ಚೀಲ ನೋಡಿ, "ರಾಗಿ ಬೀಸ್ಸಕ್ ತಂದಿದ್ರಾ ಭಾವ? ಮಿಲ್ಲು ಇವತ್ತು ಬಾಗ್ಲು ಹಾಕೈತೆ" ಎಂದ. ಅವನಿಗೆ ವಿವರಿಸುವ ಕೆಲಸವನ್ನು ಪ್ರೊಡ್ಯೂಸರಿಗೆ ಬಿಟ್ಟೆ.

ವಿಡಿಯೋ ಚೆನ್ನಾಗಿ ಬಂತು. ನೋಡಿದವರು ಬಹಳ ಜನವಿಲ್ಲ, ನೋಡಿದವರು ಪೂರ್ತಿ ನೋಡಿದ್ದಾರೆ. ಒಬ್ಬರು ತಮಿಳಿನಲ್ಲಿ, ಇಷ್ಟು ಅಲುಗದ ಚಿತ್ರಕ್ಕೆ ಯಾವ ಸ್ಟ್ಯಾಂಡ್ ಬಳಸಿದಿರಿ ಎಂದು ಕೇಳಿದ್ದರು. ಗೆಳೆಯ ಅದಕ್ಕೆ, ಮೂರು ಸೇರು ರಾಗಿ, ಇನ್‌ಸ್ಪೆಕ್ಷನ್ ಆಗಿಲ್ಲ ಎಂದು ಉತ್ತರ ಬರೆದಿದ್ದಾನೆ. ಅವರು ಮತ್ತೇನೂ ಕೇಳಿಲ್ಲ.

ತೋಟದಿಂದ ಬಂದ ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಪಡಸಾಲೆಯಲ್ಲಿ ಕೂತಿದ್ದೆ. ಹೆಂಡತಿ ಕಾಫಿ ತಂದಿಟ್ಟಳು. ಲೋಟ ಅಂಚಿನವರೆಗೆ ತುಂಬಿತ್ತು. ನೊರೆ ಅಂಚಿನ ಮೇಲೆ ಕೂತಿತ್ತು.

"ಇವತ್ತೇನು, ಒಂದೇ ಕಂತು?" ಎಂದೆ.

"ಇನ್ಮೇಲೆ ಚೆಲ್ಲುದ್ರೇನು?" ಎಂದಳು ಅವಳು.

ಎರಡು ವರ್ಷದ ಅರ್ಧ ಲೋಟಗಳು ಆಗ ನನಗೆ ಒಟ್ಟಿಗೇ ನೆನಪಾದವು. ದಿನಕ್ಕೆ ಎರಡು ಸಲ ಒಳಗಿಂದ ಹೊರಗೆ, ಹೊರಗಿಂದ ಒಳಗೆ ಅವಳು ನಡೆದದ್ದು ನೆನಪಾಯಿತು. ಪ್ರತಿ ಸಲವೂ ನಾನು ಜಿಪುಣಿ ಎಂದದ್ದು, ಅವಳು ನಕ್ಕು ಸುಮ್ಮನಾದದ್ದು ನೆನಪಾಯಿತು. ಏನಾದರೂ ಹೇಳಬೇಕು ಅನ್ನಿಸಿತು, ಯಾವ ಭಾಷೆಯಲ್ಲೂ ಬರಲಿಲ್ಲ. ಎರಡೂ ಕೈಯಲ್ಲಿ ಲೋಟ ಹಿಡಿದು, ಅವಳ ಎದುರಿಗೇ, ಬಾಯಿಯವರೆಗೆ ಎತ್ತಿದೆ. ದಾರಿಯಲ್ಲಿ ಒಂದಿಷ್ಟು ಪಂಚೆಯ ಮೇಲೆ ಚೆಲ್ಲಿತು. ಅವಳು ಸೆರಗಿನ ತುದಿಯಿಂದ ಅದನ್ನು ಒರೆಸಿ, ಸಕ್ಕರೆ ಸಾಕಾ ಎಂದು ಕೇಳಿದಳು.